ಛತ್ರದ ಹಿಂಬಾಗಿಲು ನೋಡಿ ಬನ್ನಿ

ಕಾಲೇಜಿನ ಫೆಸ್ಟ್ ಇರಲಿ, ಗೆಳತಿಯ ಮದುವೆ ಇರಲಿ, ಬಡಾವಣೆಯ ರಾಜ್ಯೋತ್ಸವ ಇರಲಿ, ಎಲ್ಲರೂ ಸೇರಿ ಕೂತ ಮೊದಲ ಸಭೆಯಲ್ಲಿ ಏಳುವ ಪ್ರಶ್ನೆ ಒಂದೇ: ಜಾಗ ಎಲ್ಲಿ? ಅದಕ್ಕೆ ಉತ್ತರ ಸಿಕ್ಕಿ, ಯಾರೋ ಒಬ್ಬರು ಅಡ್ವಾನ್ಸ್ ಕೊಟ್ಟು ರಸೀತಿ ತಂದರು ಅನ್ನಿ. ಆ ಹೊತ್ತಿಗೇ ಉಳಿದ ಬಹುಪಾಲು ಸಂಗತಿಗಳು ತೀರ್ಮಾನವಾಗಿಬಿಟ್ಟಿರುತ್ತವೆ. ಜನ ಯಾವುದರಲ್ಲಿ ಬರುತ್ತಾರೆ, ಎಷ್ಟು ಡೀಸೆಲ್ ಉರಿಯುತ್ತದೆ, ನೀರು ಎಲ್ಲಿಂದ ಬರುತ್ತದೆ, ಉಂಡ ಎಲೆ ಎಲ್ಲಿಗೆ ಹೋಗುತ್ತದೆ, ರಾತ್ರಿ ಯಾರ ನಿದ್ದೆ ಕೆಡುತ್ತದೆ ಎಂಬುದೆಲ್ಲ ಆ ರಸೀತಿಯ ಜೊತೆಗೇ ಬಂದಿರುತ್ತದೆ. ಆಮೇಲೆ ವೇದಿಕೆಯಲ್ಲಿ ಅತಿಥಿಗಳಿಗೆ ಹಾರದ ಬದಲು ಸಸಿ ಕೊಡುತ್ತೀರಿ. ಒಳ್ಳೆಯದೇ. ಆದರೆ ತಪ್ಪು ಜಾಗ ಆರಿಸಿಕೊಂಡದ್ದರಿಂದ ಆದ ಹಾನಿಯನ್ನು ಆ ಸಸಿ ತುಂಬಿಕೊಡಲಾರದು.

ಅದಕ್ಕೇ ನಿಮ್ಮಲ್ಲಿ ಕೇಳಿಕೊಳ್ಳುತ್ತಿದ್ದೇನೆ. ಜಾಗ ಹುಡುಕುವ ಕೆಲಸವನ್ನು ಈವೆಂಟ್ ಮ್ಯಾನೇಜರ್ ಕೈಗೆ ಬಿಟ್ಟು ಸುಮ್ಮನಾಗಬೇಡಿ. ಡಿಜೆ ಯಾರು, ಟೀ-ಶರ್ಟ್ ಬಣ್ಣ ಯಾವುದು ಎಂಬ ಚರ್ಚೆಗೆ ಹತ್ತು ಜನ ಮುಂದೆ ಬರುತ್ತಾರೆ. ನೀವು ಎದ್ದು ನಿಂತು, "ಹಾಲ್ ನೋಡೋ ಜವಾಬ್ದಾರಿ ನಂಗೆ ಕೊಡಿ" ಎಂದು ಕೇಳಿ ಪಡೆಯಿರಿ. ನೀವು ಇಪ್ಪತ್ತರ ಆಸುಪಾಸಿನವರು. ಸಮಾವೇಶ, ನಿಶ್ಚಿತಾರ್ಥ, ಗೃಹಪ್ರವೇಶ, ಮಗುವಿನ ನಾಮಕರಣ ಎಂದು ಇನ್ನು ಎಷ್ಟೋ ಸಮಾರಂಭಗಳು ನಿಮ್ಮ ಮುಂದಾಳತ್ವದಲ್ಲೇ ನಡೆಯಬೇಕು. ಈಗ ಕಲಿತದ್ದು ಆಗಲೂ ಕೈಯಲ್ಲಿರುತ್ತದೆ.

ಹಾಲ್ ನೋಡಲು ಹೋದವರಿಗೆ ಮ್ಯಾನೇಜರ್ ಮೊದಲು ವೇದಿಕೆ ತೋರಿಸುತ್ತಾರೆ, ಆಮೇಲೆ ತೂಗುದೀಪಗಳು, ವಧುವಿನ ಕೋಣೆಯ ಎಸಿ. ಅದನ್ನೆಲ್ಲ ನೋಡಿ ಆಗಲಿ. ಬಳಿಕ, "ಅಡುಗೆಮನೆ ಹಿಂದುಗಡೆ ಸ್ವಲ್ಪ ನೋಡಬಹುದಾ ಸರ್?" ಎಂದು ಕೇಳಿ. ಸಾಧ್ಯವಾದರೆ ಬೇರೆಯವರ ಮದುವೆ ಇರುವ ದಿನವೇ, ಮಧ್ಯಾಹ್ನ ಮೂರರ ಹೊತ್ತಿಗೆ ಹೋಗಿ.

ಆ ಹೊತ್ತಿಗೆ ಕೊನೆಯ ಪಂಕ್ತಿ ಎದ್ದಿರುತ್ತದೆ. ಬಡಿಸುವ ಹುಡುಗರು ಟೇಬಲ್ಲಿನ ಒಂದು ತುದಿಯಲ್ಲಿ ನಿಂತು, ಹಾಸಿದ ಪೇಪರ್ ರೋಲಿನ ಸಮೇತ ಎಲ್ಲವನ್ನೂ ಚಾಪೆ ಸುತ್ತಿದ ಹಾಗೆ ಸುತ್ತುತ್ತ ಹೋಗುತ್ತಾರೆ. ಕೈ ಚುರುಕು, ಎರಡು ನಿಮಿಷದಲ್ಲಿ ಟೇಬಲ್ ಖಾಲಿ. ಆ ಸುರುಳಿಯ ಒಳಗೆ ಬಾಳೆ ಎಲೆ ಇದೆ, ಅರ್ಧ ಕಚ್ಚಿಟ್ಟ ಹೋಳಿಗೆ ಇದೆ, ಬೆರಳು ತಾಗದ ಚಿತ್ರಾನ್ನ ಇದೆ, ಎರಡು ಗುಟುಕು ಕುಡಿದು ಮುಚ್ಚಳ ಹಾಕಿದ ಪುಟ್ಟ ನೀರಿನ ಬಾಟಲಿ ಇದೆ, ಐಸ್‌ಕ್ರೀಮ್ ಕಪ್ಪು, ಬೀಡಾ ಸುತ್ತಿದ ಪ್ಲಾಸ್ಟಿಕ್ ಚೂರು, ಕೈ ಒರೆಸಿದ ಟಿಶ್ಯೂ. ಇದರಲ್ಲಿ ಬಾಳೆ ಎಲೆ ಮತ್ತು ಅನ್ನ ಬೇರೆಯಾಗಿದ್ದರೆ ದನಕ್ಕೋ ಗೊಬ್ಬರದ ಗುಂಡಿಗೋ ಹೋಗುತ್ತಿತ್ತು. ಬಾಟಲಿ ಬೇರೆಯಾಗಿದ್ದರೆ ಗುಜರಿಗೆ ಹೋಗುತ್ತಿತ್ತು. ಸುತ್ತಿದ ಮೇಲೆ ಎರಡೂ ಕೆಟ್ಟವು. ಅದನ್ನು ಬಿಡಿಸಿ ಬೇರ್ಪಡಿಸಬೇಕೆಂದರೆ ಹುಳಿದ ಸಾರಿನೊಳಗೆ ಕೈಯಿಟ್ಟು ಪೌರಕಾರ್ಮಿಕ ಹೆಂಗಸರೇ ಮಾಡಬೇಕು. ನಮ್ಮ ಸಂಭ್ರಮದ ಬಾಕಿ ಕೆಲಸವನ್ನು ಅವರ ಮೈಮೇಲೆ ಹಾಕುವ ಹಕ್ಕು ನಮಗೆ ಯಾರೂ ಕೊಟ್ಟಿಲ್ಲ.

ಇದು ಎಷ್ಟು ದೊಡ್ಡ ಸಂಗತಿ ಎಂಬುದಕ್ಕೆ ಒಂದು ಲೆಕ್ಕ ಇದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ತಂಡವೊಂದು ನಗರದ 531 ಕಲ್ಯಾಣ ಮಂಟಪಗಳನ್ನು ಅಧ್ಯಯನ ಮಾಡಿ, ವರ್ಷಕ್ಕೆ 943 ಟನ್ ಒಳ್ಳೆಯ ಆಹಾರ ಪೋಲಾಗುತ್ತಿದೆ ಎಂದು 2012ರಲ್ಲಿ ಹೇಳಿತ್ತು. ಒಂದೇ ನಗರದ್ದು, ಮದುವೆ ಮನೆಗಳದ್ದು ಮಾತ್ರ. ಹಳಸಿದ್ದಲ್ಲ, ಸೀದದ್ದಲ್ಲ, ಉಣ್ಣಬಹುದಾಗಿದ್ದ ಊಟ.

ಆದ್ದರಿಂದ ಹಿತ್ತಲಿನಲ್ಲಿ ನಿಂತು ಕೇಳಬೇಕಾದದ್ದನ್ನು ಕೇಳಿ. ಹಸಿ ಕಸ ಯಾರು ಒಯ್ಯುತ್ತಾರೆ, ಎಲ್ಲಿಗೆ? ಇಲ್ಲೇ ಗೊಬ್ಬರದ ಗುಂಡಿ ಅಥವಾ ಗೋಬರ್ ಗ್ಯಾಸ್ ಘಟಕ ಇದೆಯಾ? ಉಳಿದ ಅಡುಗೆಯನ್ನು ಬಿಸಿ ಆರುವ ಮೊದಲೇ ಹತ್ತಿರದ ಅನಾಥಾಶ್ರಮಕ್ಕೋ ಹಾಸ್ಟೆಲಿಗೋ ಮುಟ್ಟಿಸುವ ಪರಿಪಾಠ ಇದೆಯಾ? ಪಾತ್ರೆ ತೊಳೆದ ಎಣ್ಣೆನೀರು ಒಳಚರಂಡಿಗೆ ಸೇರುತ್ತದೋ, ಮಳೆನೀರಿನ ಚರಂಡಿಗೋ? ಈ ಕೊನೆಯ ಪ್ರಶ್ನೆಯನ್ನು ಬೆಂಗಳೂರಿನವರು ಬಿಡಲೇಬಾರದು. ಇಲ್ಲಿ ಮಳೆನೀರಿನ ಚರಂಡಿ ಎಂದರೆ ರಾಜಕಾಲುವೆ, ರಾಜಕಾಲುವೆ ಎಂದರೆ ಕೆರೆ. ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿದ ಚಿತ್ರಗಳನ್ನು ನೀವೆಲ್ಲ ನೋಡಿದ್ದೀರಿ.

ಇನ್ನೊಂದು ಸಣ್ಣ ವಿಷಯ, ಆದರೆ ಇದರಿಂದ ಇಡೀ ಊಟದ ರೀತಿಯೇ ಬದಲಾಗುತ್ತದೆ: ಲೋಟ, ತಟ್ಟೆ ತೊಳೆಯಲು ಸರಿಯಾದ ಜಾಗ. ತೊಟ್ಟಿ, ನಲ್ಲಿ, ನೀರು ಇಳಿದುಹೋಗುವ ವ್ಯವಸ್ಥೆ ಇರುವ ಛತ್ರದಲ್ಲಿ ಸ್ಟೀಲ್ ಲೋಟ ಬಳಸಬಹುದು. ಇಲ್ಲದ ಛತ್ರದಲ್ಲಿ ಎಷ್ಟೇ ಆದರ್ಶ ಇದ್ದರೂ ಕೊನೆಗೆ ಪೇಪರ್ ಕಪ್ಪಿಗೇ ಬರುತ್ತೀರಿ. ಬೆಂಗಳೂರಿನಲ್ಲಿ ಅದಮ್ಯ ಚೇತನ ಸಂಸ್ಥೆ ಸಮಾರಂಭಗಳಿಗೆ ತಟ್ಟೆ ಲೋಟ ಕೊಡುವ ಪ್ಲೇಟ್ ಬ್ಯಾಂಕ್ ನಡೆಸುತ್ತಿದೆ. ನಿಮ್ಮ ಊರಿನಲ್ಲಿ ಅಂಥದ್ದಿಲ್ಲದಿದ್ದರೆ ಶಾಮಿಯಾನದವರ ಗೋದಾಮಿನಲ್ಲಿ ಹಳೆಯ ಸ್ಟೀಲ್ ತಟ್ಟೆಗಳು ಇದ್ದೇ ಇರುತ್ತವೆ, ಕೇಳುವವರಿಲ್ಲದೆ ಮೂಲೆ ಸೇರಿರುತ್ತವೆ. ಮುತ್ತುಗದ ಇಸ್ತ್ರಿ ಎಲೆ, ಅಡಿಕೆ ಹಾಳೆಯ ತಟ್ಟೆ, ಬಾಳೆ ಎಲೆ ನಮ್ಮಲ್ಲಿ ಧಾರಾಳ. ನೀರಿಗೆ ಕೊಡಪಾನ ಅಥವಾ ದೊಡ್ಡ ಕ್ಯಾನ್, ಪಕ್ಕದಲ್ಲಿ ಲೋಟ. ಪುಟ್ಟ ಬಾಟಲಿಗಳನ್ನು ಒಳಗೇ ಬಿಡಬೇಡಿ.

ಈಗ ದೂರದ ವಿಷಯಕ್ಕೆ ಬರೋಣ. ಪರಿಸರಸ್ನೇಹಿ ಎಂದು ಬೋರ್ಡ್ ಹಾಕಿಕೊಂಡ ಎಷ್ಟೋ ಜಾಗಗಳು ಊರಾಚೆ ಇವೆ. ಹಸಿರು ಹುಲ್ಲು, ಬಿದಿರಿನ ಮಂಟಪ, ಮಣ್ಣಿನ ಗೋಡೆ. ನೋಡಿದರೆ ಮನಸ್ಸು ಸೋಲುತ್ತದೆ. ಮನಸ್ಸು ಸೋಲುವ ಮೊದಲು ಪೆನ್ನು ಹಿಡಿಯಿರಿ. 300 ಅತಿಥಿಗಳು, ಊರಿನಿಂದ 40 ಕಿ.ಮೀ. ದೂರದ ರೆಸಾರ್ಟ್. ಕಾರಿಗೆ ಮೂವರಂತೆ ಬಂದರೆ 100 ಕಾರು. ಹೋಗಿ ಬರಲು 80 ಕಿ.ಮೀ. ಲೀಟರಿಗೆ 15 ಕಿ.ಮೀ. ಓಡುತ್ತದೆ ಎಂದು ಹಿಡಿದರೂ ಒಟ್ಟು 530 ಲೀಟರ್ ಪೆಟ್ರೋಲ್ ದಾಟುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಅಲ್ಲಿಗೆ 1,200 ಕಿಲೋ ಆಯಿತು. ಅದೇ 300 ಜನ ಆರು ಬಸ್ಸುಗಳಲ್ಲಿ ಹೋದರೆ, ಲೀಟರ್ ಡೀಸೆಲ್‌ಗೆ ನಾಲ್ಕೂವರೆ ಕಿ.ಮೀ. ಹಿಡಿದು ಲೆಕ್ಕ ಹಾಕಿ: 107 ಲೀಟರ್, ಲೀಟರಿಗೆ 2.7 ಕಿಲೋದಂತೆ 300 ಕಿಲೋದ ಒಳಗೇ ಮುಗಿಯುತ್ತದೆ. ಕಾರಿನ ಕಾಲು ಭಾಗ. ಊರ ನಡುವಿನ ಹಾಲ್ ಆದರೆ ಅದರಲ್ಲೂ ಬಹುಪಾಲು ಉಳಿಯುತ್ತದೆ.

ಜನರೇಟರಿನ ಜೊತೆ ಹೋಲಿಸಿ ನೋಡಿ. 125 ಕೆವಿಎ ಜನರೇಟರ್ ಮುಕ್ಕಾಲು ಹೊರೆಯಲ್ಲಿ ಗಂಟೆಗೆ ಸುಮಾರು 20 ಲೀಟರ್ ಡೀಸೆಲ್ ಕುಡಿಯುತ್ತದೆ. ಐದು ಗಂಟೆ ಬಿಡದೆ ಓಡಿಸಿದರೂ 270 ಕಿಲೋ. ಅಂದರೆ ಸಂಜೆಯಿಡೀ ಉರಿದ ದೀಪ, ಮೈಕು, ಎಸಿ ಎಲ್ಲ ಸೇರಿದರೂ ಪಾರ್ಕಿಂಗಿನಲ್ಲಿ ನಿಂತ ಕಾರುಗಳ ಲೆಕ್ಕದ ಹತ್ತಿರಕ್ಕೂ ಬರುವುದಿಲ್ಲ. ನಾವು ಮಾತ್ರ ಎಲ್‌ಇಡಿ ಬಲ್ಬು ಹಾಕಿದ್ದೇವೆಂದು ಸಮಾಧಾನ ಪಟ್ಟುಕೊಳ್ಳುತ್ತೇವೆ. ಹಾಲ್ ಎಷ್ಟು ಹಸಿರಾಗಿದೆ ಎಂಬುದಕ್ಕಿಂತ ಮೊದಲು ಅದು ಎಷ್ಟು ಹತ್ತಿರ ಇದೆ ಎಂದು ಕೇಳಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಹತ್ತಿರ ಎಂದರೆ ಬಸ್ಸಿಗೆ ಹತ್ತಿರ, ರೈಲಿಗೆ ಹತ್ತಿರ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿ ಹಾಲ್ ಹಿಡಿದರೆ ನಿಮ್ಮ ಅತಿಥಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಖರ್ಚಿಲ್ಲದೆ ಬಂದು ಹೋಗಬಹುದು. ಬೆಂಗಳೂರಿನಲ್ಲಿ 2024ರ ನವೆಂಬರಿನಲ್ಲಿ ಹಸಿರು ಮಾರ್ಗದ ಮೆಟ್ರೋ ಮಾದಾವರದವರೆಗೆ ಓಡಲು ಶುರುವಾಯಿತು. ತುಮಕೂರು ರಸ್ತೆಯ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರಕ್ಕೆ ಮೊದಲು ಕಾರೇ ಗತಿ ಎನ್ನುತ್ತಿದ್ದವರು ಈಗ ರೈಲಿಳಿದು ನಡೆಯುತ್ತಾರೆ. ಆಹ್ವಾನ ಪತ್ರಿಕೆಯಲ್ಲಿ ಗೂಗಲ್ ಮ್ಯಾಪ್ ಕೊಂಡಿಯ ಮೇಲೆ, ದಪ್ಪ ಅಕ್ಷರದಲ್ಲಿ ಬಸ್ಸಿನ ನಂಬರು, ಮೆಟ್ರೋ ನಿಲ್ದಾಣದ ಹೆಸರು ಹಾಕಿಸಿ. ಕೊನೆಯ ಬಸ್ಸಿಗೆ ಒಂದು ಗಂಟೆ ಮುಂಚೆ ಕಾರ್ಯಕ್ರಮ ಮುಗಿಸಿ. ವಯಸ್ಸಾದವರಿಗೆ ನಿಲ್ದಾಣದಿಂದ ಒಂದು ವ್ಯಾನ್ ಓಡಿಸಿ. ಊರಾಚೆ ಹೋಗಲೇಬೇಕಾದ ಕಾರಣವಿದ್ದರೆ ಒಪ್ಪಂದದ ಮೇಲೆ ಸಾರಿಗೆ ಸಂಸ್ಥೆಯ ಬಸ್ಸು ಸಿಗುತ್ತದೆ.

ಜಾಗವೇ ಇಲ್ಲ ಎನ್ನುವವರು ಸರಿಯಾಗಿ ಹುಡುಕಿಲ್ಲ. ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರ 1963ರಿಂದ ಊರ ನಡುವೆಯೇ ಇದೆ. ಅದರ ಹಿತ್ತಲಿಗೇ ಸಂಸ ಬಯಲು ರಂಗಮಂದಿರ, ಅಲ್ಲಿ ಎಸಿ ಬೇಕಿಲ್ಲ, ಆಕಾಶವೇ ಮಾಡು. ಧಾರವಾಡದಲ್ಲಿ 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘದ ಸಭಾಭವನ ಇದೆ. ಮೈಸೂರಿನಲ್ಲಿ ರಂಗಾಯಣದ ಆವರಣದ ವನರಂಗ, ಮಾನಸಗಂಗೋತ್ರಿಯ ಬಯಲು ರಂಗಮಂದಿರ. ಹೆಗ್ಗೋಡಿನಂಥ ಹಳ್ಳಿಯಲ್ಲೇ ನೀನಾಸಂ ಕಟ್ಟಿದ ಶಿವರಾಮ ಕಾರಂತ ರಂಗಮಂದಿರಕ್ಕೆ ನಾಡಿನ ಮೂಲೆಮೂಲೆಯಿಂದ ಜನ ಬರುತ್ತಾರೆ. ಇವೆಲ್ಲ ದೊಡ್ಡ ಹೆಸರುಗಳಾದವು. ನಿಮ್ಮ ಊರಿನ ಸಮುದಾಯ ಭವನ, ಮಠದ ದಾಸೋಹ ಭವನ, ಹಳೆಯ ಮಂಗಲ ಕಾರ್ಯಾಲಯ, ಭಾನುವಾರ ಖಾಲಿ ಇರುವ ಸರಕಾರಿ ಶಾಲೆಯ ಸಭಾಂಗಣ ಇವೆಯಲ್ಲ? ಶಾಲೆಯಾದರೆ ಅದರ ಅಭಿವೃದ್ಧಿ ಸಮಿತಿ, ಅಂದರೆ ಎಸ್‌ಡಿಎಂಸಿಯವರನ್ನು ಕೇಳಿ ಅನುಮತಿ ಪಡೆಯಿರಿ. ರೆಸಾರ್ಟಿಗೆ ಕೊಡುವ ಬಾಡಿಗೆಯ ಒಂದು ಪಾಲನ್ನು ಅಲ್ಲಿನ ಶೌಚಾಲಯದ ದುರಸ್ತಿಗೆ ಕೊಡಿ. ಮಾರನೆಯ ದಿನ ಮಕ್ಕಳು ಬರುವ ಮೊದಲು ನೀವೇ ಪೊರಕೆ ಹಿಡಿದು ಗುಡಿಸಿ ಬನ್ನಿ.

ಇರುವ ಜಾಗವನ್ನೇ ಬಳಸುವುದು ಬಡತನದ ಲಕ್ಷಣವೇನಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಶೇ. 95ರಷ್ಟು ಕ್ರೀಡಾ ತಾಣಗಳು ಮೊದಲೇ ಇದ್ದವು ಅಥವಾ ತಾತ್ಕಾಲಿಕವಾಗಿ ಎಬ್ಬಿಸಿದವು. ಜಗತ್ತಿನ ಅತಿ ದೊಡ್ಡ ಕ್ರೀಡಾಕೂಟಕ್ಕೆ ಸಾಲುವ ದಾರಿ ನಮ್ಮ ಟೆಕ್ ಫೆಸ್ಟಿಗೆ ಸಾಲದೆ?

ಈ ವಿದ್ಯೆ ನಮ್ಮ ಕರಾವಳಿಗೆ ಹೊಸದಲ್ಲ. ಯಕ್ಷಗಾನದ ಬಯಲಾಟಕ್ಕೆ ಸಭಾಂಗಣ ಬೇಡ. ಭತ್ತ ಕೊಯ್ದು ಒಣಗಿದ ಗದ್ದೆಯಲ್ಲಿ ರಂಗಸ್ಥಳ ಏಳುತ್ತದೆ, ರಾತ್ರಿ ಆಟ ಆಗುತ್ತದೆ, ಬೆಳಿಗ್ಗೆ ಕಂಬ ಕಿತ್ತು ಮೇಳ ಮುಂದಿನ ಊರಿಗೆ ಹೊರಡುತ್ತದೆ. ಮಳೆ ಬಂದ ಮೇಲೆ ಅದೇ ನೆಲದಲ್ಲಿ ನಾಟಿ. ಮೇ ತಿಂಗಳ ಕೊನೆಗೆ ಪತ್ತನಾಜೆ ಬಂತೆಂದರೆ ತುಳುನಾಡಿನಲ್ಲಿ ಮೇಳಗಳ ತಿರುಗಾಟ ನಿಲ್ಲುತ್ತದೆ, ಗೆಜ್ಜೆ ಬಿಚ್ಚುತ್ತಾರೆ. ಯಾವ ಋತುವಿನಲ್ಲಿ ಯಾವ ನೆಲ ಖಾಲಿ ಇರುತ್ತದೆ, ಯಾವಾಗ ಅದನ್ನು ಮುಟ್ಟಬಾರದು ಎಂಬ ಅರಿವು ಆ ವ್ಯವಸ್ಥೆಯಲ್ಲಿತ್ತು. ನೀವೂ ದಿನಾಂಕ ಮತ್ತು ಜಾಗವನ್ನು ಒಟ್ಟಿಗೇ ಯೋಚಿಸಿ. ಡಿಸೆಂಬರಿನಿಂದ ಫೆಬ್ರವರಿವರೆಗೆ ಹಗಲು ಹೊತ್ತಿನಲ್ಲಿ ಇಟ್ಟುಕೊಂಡರೆ ಮರದ ನೆರಳು, ಒಂದು ಚಪ್ಪರ ಸಾಕು. ಏಪ್ರಿಲ್ ಮಧ್ಯಾಹ್ನ ತಗಡಿನ ಮಾಡಿನ ಹಾಲಿನಲ್ಲಿ ಇಟ್ಟುಕೊಂಡರೆ ಎಷ್ಟು ಎಸಿ ಹಾಕಿದರೂ ಸಾಲದು. ಲಾಲ್‌ಬಾಗಿನ ಗಾಜಿನ ಮನೆಯೊಳಗೆ ಹಗಲು ನಿಂತು ನೋಡಿ. 1889ರಲ್ಲಿ ಅಡಿಗಲ್ಲು ಬಿದ್ದ ಆ ಕಟ್ಟಡದಲ್ಲಿ ಫಲಪುಷ್ಪ ಪ್ರದರ್ಶನದ ಜನಜಂಗುಳಿಗೆ ಸೂರ್ಯನ ಬೆಳಕೇ ದೀಪ. ನಿಮ್ಮ ಹಾಲಿಗೆ ಕಿಟಕಿ ಇದೆಯೇ ಎಂದು ನೋಡಿ. ಕಿಟಕಿಗಳನ್ನು ಬಟ್ಟೆಯಿಂದ ಮುಚ್ಚಿ ಹಗಲಲ್ಲೇ ಫೋಕಸ್ ಲೈಟ್ ಹಾಕುವ ಡೆಕೋರೇಷನ್ ಬೇಡ ಎನ್ನಿ.

ನೀರು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಸಾಲುಸಾಲಾಗಿ ಬತ್ತಿದವು. ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಹೇಳಿತು. ಹೋಳಿಯ ರೈನ್ ಡ್ಯಾನ್ಸಿಗೆ ಕಾವೇರಿ ನೀರು, ಕೊಳವೆಬಾವಿ ನೀರು ಬಳಸಬೇಡಿ ಎಂದೂ ಹೇಳಬೇಕಾಯಿತು. ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಆಗ ಒದಗಿಸಿದ್ದು ಕಬ್ಬನ್ ಪಾರ್ಕಿನ ಘಟಕದಲ್ಲಿ ಸಂಸ್ಕರಿಸಿದ ನೀರು. ಆದ್ದರಿಂದ ನೀವು ನೋಡಲು ಹೋದ ಜಾಗದಲ್ಲಿ ಮಳೆನೀರು ಹಿಡಿಯುವ ತೊಟ್ಟಿ ಇದೆಯೇ, ಹುಲ್ಲಿಗೆ, ಶೌಚಾಲಯಕ್ಕೆ ಯಾವ ನೀರು, ಬೇಸಿಗೆಯಲ್ಲಿ ಎಷ್ಟು ಟ್ಯಾಂಕರ್ ತರಿಸುತ್ತೀರಿ ಎಂದು ಕೇಳಿ. ಟ್ಯಾಂಕರ್ ನೀರು ಯಾವುದೋ ಹಳ್ಳಿಯ ಅಂತರ್ಜಲ. ನಿಮ್ಮ ಕಾರಂಜಿಗಾಗಿ ಅಲ್ಲಿನ ರೈತನ ತೋಟ ಒಣಗಬಾರದು.

ಒಂದು ವಿಷಯದಲ್ಲಿ ಮಾತ್ರ ನಾನು ರಾಜಿಗೆ ಸಿದ್ಧನಿಲ್ಲ: ಕಾಡಂಚು. ಸಕಲೇಶಪುರ, ಚಿಕ್ಕಮಗಳೂರು, ಕೊಡಗಿನ ಬೆಟ್ಟದ ಮಗ್ಗುಲಲ್ಲಿ ಡಿಜೆ, ಲೇಸರ್ ದೀಪ, ಪಟಾಕಿಯ ಪಾರ್ಟಿಗಳಿಗೆ ಬುಕಿಂಗ್ ಮಾಡಬೇಡಿ. ಗೆಳೆಯರು ಮಾಡಹೊರಟರೆ ತಡೆಯಿರಿ. ಆನೆಗಳು ಹಗಲು ಮರೆಯಲ್ಲಿದ್ದು ರಾತ್ರಿ ನಡೆಯುತ್ತವೆ. ಸದ್ದಿಗೆ, ಬೆಳಕಿಗೆ ಬೆದರಿ ದಾರಿ ಬದಲಿಸಿದ ಆನೆ ನೇರ ಕಾಫಿ ತೋಟದ ಲೈನಿಗೆ, ಬೆಳಿಗ್ಗೆ ಕೆಲಸಕ್ಕೆ ಹೊರಟ ಕಾರ್ಮಿಕರ ಎದುರಿಗೆ ಬಂದು ನಿಲ್ಲಬಹುದು. ಪಾರ್ಟಿ ಮಾಡಿದವರು ಅಷ್ಟು ಹೊತ್ತಿಗೆ ಬೆಂಗಳೂರು ಸೇರಿರುತ್ತಾರೆ. ಬಂಡೀಪುರದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿಲ್ಲಿಸಿ, ರಾತ್ರಿಯನ್ನು ಪ್ರಾಣಿಗಳಿಗೆ ಬಿಟ್ಟುಕೊಟ್ಟಿದ್ದೇವೆ. ಅದೇ ಗೌರವ ಉಳಿದ ಕಾಡುಗಳಿಗೂ ಸಲ್ಲಬೇಕು. ನಾಡಿನಲ್ಲೂ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ ಎಂದು 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಹಾಲಿನ ಪಕ್ಕದ ಗೋಡೆ ಯಾರದ್ದು ಎಂದು ಒಮ್ಮೆ ಹೊರಗೆ ಸುತ್ತು ಹಾಕಿ ನೋಡಿ.

ಗೋಡೆಗೆ ತೂಗುಹಾಕಿದ ಹಸಿರು ಪ್ರಮಾಣಪತ್ರಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಲೀಡ್, ಗೃಹ ಮುಂತಾದ ಮಾನ್ಯತೆಗಳಿಗೆ ಬೆಲೆ ಇದೆ. ಆದರೆ ಅವು ಮುಖ್ಯವಾಗಿ ಕಟ್ಟಡದ ಬಗ್ಗೆ ಮಾತಾಡುತ್ತವೆ. ಕಾರ್ಯಕ್ರಮ ನಡೆಸುವ ರೀತಿಗೆ ಬೇರೆಯೇ ಅಂತರರಾಷ್ಟ್ರೀಯ ಮಾನದಂಡ ಇದೆ, 2012ರಲ್ಲಿ ಬಂದ ಐಎಸ್ಒ 20121. ಪ್ಲಾಟಿನಂ ಕಟ್ಟಡದಲ್ಲಿ ಕೂತು ಥರ್ಮಾಕೋಲ್ ಅಲಂಕಾರ ಮಾಡಿದರೆ ಅದಕ್ಕೆ ಕಟ್ಟಡ ಹೊಣೆಯಲ್ಲ.

ಕಾನೂನು ನಿಮ್ಮ ಬೆನ್ನಿಗಿದೆ ಎಂಬುದು ಗೊತ್ತಿರಲಿ. ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಫ್ಲೆಕ್ಸ್, ಬಂಟಿಂಗ್, ಊಟದ ಟೇಬಲ್ಲಿನ ಪ್ಲಾಸ್ಟಿಕ್ ಹಾಳೆ ಇವನ್ನೆಲ್ಲ ಕರ್ನಾಟಕ 2016ರ ಮಾರ್ಚಿನಲ್ಲೇ ನಿಷೇಧಿಸಿತು. 2022ರ ಜುಲೈ 1ರಿಂದ ದೇಶಕ್ಕೆಲ್ಲ ಹಲವು ಏಕಬಳಕೆ ಪ್ಲಾಸ್ಟಿಕ್ ವಸ್ತುಗಳ ನಿಷೇಧ ಬಂತು. ಪರವಾನಗಿ ಇಲ್ಲದ ಜಾಗದಲ್ಲಿ ನೂರಕ್ಕಿಂತ ಹೆಚ್ಚು ಜನ ಸೇರಿಸುವವರು ಮೂರು ಕೆಲಸದ ದಿನ ಮುಂಚೆ ಸ್ಥಳೀಯ ಸಂಸ್ಥೆಗೆ ತಿಳಿಸಬೇಕು, ಕಸವನ್ನು ಅಲ್ಲೇ ವಿಂಗಡಿಸಿ ಒಪ್ಪಿಸಬೇಕು ಎಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳೇ ಹೇಳಿದ್ದವು. ಹೊಣೆ ಸಂಘಟಕರದ್ದು. ಕೇಟರಿಂಗ್‌ನವರ ಕಡೆ, ಡೆಕೋರೇಷನ್‌ನವರ ಕಡೆ ಕೈತೋರಿಸಿ ಪಾರಾಗಲು ಬರುವುದಿಲ್ಲ. ಹಾಗಾಗಿ "ಎಲ್ಲಾ ಕಡೆ ಹೀಗೇ ನಡೆಯತ್ತೆ ಮೇಡಂ" ಎನ್ನುವ ಮ್ಯಾನೇಜರಿಗೆ, "ನಡೀಬಾರದು ಅಂತ ರೂಲ್ಸ್ ಇದೆ ಸರ್" ಎಂದು ತಣ್ಣಗೆ ಹೇಳಿ.

ಮ್ಯಾನೇಜರಿಗಿಂತ ಕಷ್ಟ ಮನೆಯವರದ್ದು, ಬಲ್ಲೆ. "ಒಬ್ಬಳೇ ಮಗಳು, ಸಣ್ಣ ಛತ್ರದಲ್ಲಿ ಮಾಡಿದ್ರೆ ಜನ ಏನಂತಾರೆ?" ಎಂದು ದೊಡ್ಡಪ್ಪ ಕೇಳಿಯೇ ಕೇಳುತ್ತಾರೆ. ಅವರಿಗೆ ಇಂಗಾಲದ ಲೆಕ್ಕ ಹೇಳಲು ಹೋಗಬೇಡಿ. "ದೊಡ್ಡಪ್ಪ, ರೆಸಾರ್ಟ್ ಆದ್ರೆ ಅಜ್ಜಿಗೆ ಅಷ್ಟು ದೂರ ಕಾರಲ್ಲಿ ಕೂರೋಕಾಗಲ್ಲ. ಬಸ್ ಸ್ಟ್ಯಾಂಡ್ ಹತ್ರದ ಛತ್ರ ಆದ್ರೆ ಊರಿಂದ ಸುಶೀಲತ್ತೆನೂ ಬರ್ತಾರೆ, ಸಂಜೆ ಬಸ್ಸಿಗೆ ವಾಪಸ್ಸೂ ಹೋಗ್ತಾರೆ" ಎನ್ನಿ. ಕಾರಿಲ್ಲದ ನೆಂಟರು ಬರಲಾಗದ ಜಾಗವನ್ನು ಆರಿಸಿದರೆ ಯಾರನ್ನು ಹೊರಗಿಟ್ಟ ಹಾಗಾಯಿತು ಎಂಬುದು ದೊಡ್ಡಪ್ಪನಿಗೆ ನಿಮಗಿಂತ ಚೆನ್ನಾಗಿ ಗೊತ್ತು. ಕುವೆಂಪು 1966ರಲ್ಲಿ ಮಗ ತೇಜಸ್ವಿಯವರ ಮದುವೆಯನ್ನು ಮಂತ್ರ ಮಾಂಗಲ್ಯದ ಸರಳ ರೀತಿಯಲ್ಲಿ ನಡೆಸಿದರು. ಆ ದಾರಿಯಲ್ಲಿ ಇಂದಿಗೂ ಮದುವೆಯಾಗುವ ಜೋಡಿಗಳಿದ್ದಾರೆ. ಅಷ್ಟು ಧೈರ್ಯ ನಿಮ್ಮ ಮನೆಯಲ್ಲಿ ಒಮ್ಮೆಗೇ ಹುಟ್ಟದಿದ್ದರೆ ಬೇಸರ ಬೇಡ, 1,000 ಜನರ ಪಟ್ಟಿ 600ಕ್ಕೆ ಇಳಿದರೂ ಛತ್ರದ ಅಳತೆ, ಅಡುಗೆಯ ಅಳತೆ, ಕಸದ ಅಳತೆ ಎಲ್ಲವೂ ಇಳಿಯುತ್ತದೆ.

ಕೆಲವು ಕಡೆ ಖರ್ಚು ಹೆಚ್ಚಾಗುತ್ತದೆ, ಅದನ್ನೂ ಹೇಳಿಬಿಡುತ್ತೇನೆ. ತಟ್ಟೆ ತೊಳೆಯಲು ಇಬ್ಬರು ಹೆಚ್ಚಿಗೆ ಬೇಕು, ಕಸ ವಿಂಗಡಿಸಲು ಒಬ್ಬರು ನಿಂತಿರಬೇಕು. ಅವರಿಗೆ ಕೈಗವಸು ಕೊಡಿ, ಒಳ್ಳೆಯ ಕೂಲಿ ಕೊಡಿ, ಮೊದಲ ಪಂಕ್ತಿಯಲ್ಲೇ ಊಟ ಹಾಕಿ. ಬಾಟಲಿ ನೀರು, ಫ್ಲೆಕ್ಸ್, ದೂರದ ಸಾಗಾಟಕ್ಕೆ ಎತ್ತಿಟ್ಟ ದುಡ್ಡಿನಲ್ಲಿ ಇಷ್ಟನ್ನು ಸರಿದೂಗಿಸಬಹುದು.

ಜಾಗ ಗೊತ್ತಾದ ಮೇಲೆ, ಅಡ್ವಾನ್ಸ್ ಕೈಗಿಡುವ ಮೊದಲೇ ಮಾತುಗಳನ್ನು ಬುಕಿಂಗ್ ಫಾರಂನ ಹಿಂದೆ ಬರೆಸಿ ಸಹಿ ಹಾಕಿಸಿಕೊಳ್ಳಿ: ಹಸಿ ಕಸ, ಒಣ ಕಸಕ್ಕೆ ಬೇರೆ ಡ್ರಮ್ಮು, ಟೇಬಲ್ ಮೇಲೆ ರೋಲ್ ಹಾಸುವುದಿಲ್ಲ, ಪುಟ್ಟ ಬಾಟಲಿ ಇಲ್ಲ, ಕರೆಂಟ್ ಇರುವಾಗ ಜನರೇಟರ್ ಇಲ್ಲ, ರಾತ್ರಿ ಹತ್ತಕ್ಕೆ ಮೈಕ್ ಬಂದ್. ಬಾಯಿಮಾತು ಸಮಾರಂಭದ ಗದ್ದಲದಲ್ಲಿ ಯಾರಿಗೂ ನೆನಪಿರುವುದಿಲ್ಲ. ಕಾರ್ಯಕ್ರಮದ ದಿನ ನಿಮ್ಮಲ್ಲಿ ಇಬ್ಬರು ವೇದಿಕೆಯ ಕಡೆ ಬರದೆ ಹಿತ್ತಲಲ್ಲೇ ಇರಲಿ. ಎಷ್ಟು ಕಿಲೋ ಕಸ ಹೊರಟಿತು, ಎಷ್ಟು ಲೀಟರ್ ಡೀಸೆಲ್ ಹಾಕಿಸಿದರು, ಎಷ್ಟು ಜನ ಬಸ್ಸಲ್ಲಿ ಬಂದರು, ಎಷ್ಟು ಅನ್ನ ಉಳಿದು ಎಲ್ಲಿಗೆ ಹೋಯಿತು ಎಂದು ಒಂದು ನೋಟ್ ಪುಸ್ತಕದಲ್ಲಿ ಬರೆಯುತ್ತ ಹೋಗಿ. ಹಾಲಿನ ಬಗ್ಗೆ ಒಳ್ಳೆಯದು ಕೆಟ್ಟದ್ದು ಎರಡನ್ನೂ ಬರೆದು, ಖರ್ಚಿನ ಲೆಕ್ಕದ ಜೊತೆ ಆ ಪುಸ್ತಕವನ್ನೂ ಮುಂದಿನ ವರ್ಷದ ಕಮಿಟಿಯ ಜೂನಿಯರ್‌ಗಳ ಕೈಗೆ ಕೊಡಿ. ಅವರು ಜಾಗ ಹುಡುಕಲು ಹೊರಡುವ ಮೊದಲು ಅದನ್ನು ಓದಿಕೊಂಡಿರಲಿ.